ಸಾಲ ಸಿಕ್ಕಿತು, ಜಾಗ ಸಿಗಲಿಲ್ಲ

ಕೊರೋನ ಕಾಲದ ಬೆಳಗಿನಲ್ಲಿ ನಾವೆಲ್ಲ ಕಿವಿಗೊಟ್ಟು ಕೂತದ್ದು ಎರಡು ಸದ್ದುಗಳಿಗೆ. ಒಂದು ಆ್ಯಂಬುಲೆನ್ಸಿನದು, ಅದು ನಮ್ಮ ಬೀದಿಗೆ ಬಾರದಿರಲಿ ಎಂದು. ಇನ್ನೊಂದು ತಳ್ಳುಗಾಡಿಯವನ ಕೂಗು, ಅವನು ಬೇಗ ಬರಲಿ ಎಂದು. ಸಂತೆಗಳು ನಿಂತಿದ್ದವು. ದೊಡ್ಡ ಮಾರುಕಟ್ಟೆಗಳಿಗೆ ಬೀಗ ಬಿದ್ದಿತ್ತು. ಬೆಂಗಳೂರಿನ ಕೆ.ಆರ್. ಮಾರುಕಟ್ಟೆ 2020ರಲ್ಲಿ ತಿಂಗಳುಗಟ್ಟಲೆ ಮುಚ್ಚಿತ್ತು. ಎರಡನೇ ಅಲೆಯಲ್ಲಿ, 2021ರ ಮೇ ತಿಂಗಳ ಆರಂಭದಲ್ಲಿ ರಾಜ್ಯ ಸರಕಾರ ನಿಯಮಗಳನ್ನು ಪರಿಷ್ಕರಿಸಿದಾಗ ದಿನಸಿ ಅಂಗಡಿಗಳಿಗೆ ಮಧ್ಯಾಹ್ನದವರೆಗೆ ಮಾತ್ರ ಅವಕಾಶವಿತ್ತು. ತರಕಾರಿ, ಹಣ್ಣಿನ ತಳ್ಳುಗಾಡಿಗಳಿಗೆ ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ. ಜನ ಒಂದೆಡೆ ಗುಂಪುಗೂಡುವುದು ತಪ್ಪಬೇಕಾದರೆ ಮಾರುಕಟ್ಟೆಯೇ ಮನೆಬಾಗಿಲಿಗೆ ಹೋಗಬೇಕು ಎಂಬುದು ಆಗ ಸರಕಾರಕ್ಕೆ ಹೊಳೆದ ಸತ್ಯ. ಅದು ತಳ್ಳುಗಾಡಿಯವನಿಗೆ ಅವನ ಅಜ್ಜನ ಕಾಲದಿಂದಲೂ ಗೊತ್ತಿತ್ತು.

ಆ ದಿನಗಳಲ್ಲಿ ಅವನನ್ನು ಯಾರೂ ಅತಿಕ್ರಮಣಕಾರ ಎಂದು ಕರೆಯಲಿಲ್ಲ. ಬೀದಿ ಖಾಲಿಯಾಗಿತ್ತು, ಹೊಟ್ಟೆಯೂ ಖಾಲಿಯಾಗಿತ್ತು.

ಬೀದಿ ಮತ್ತೆ ತುಂಬಿದ್ದೇ ತಡ, ಭಾಷೆ ಬದಲಾಯಿತು. 2023ರ ನವೆಂಬರಿನಲ್ಲಿ ಬೆಂಗಳೂರಿನ ಜಯನಗರ 4ನೇ ಬ್ಲಾಕಿನ ಪಾದಚಾರಿ ಮಾರ್ಗಗಳಿಂದ ವ್ಯಾಪಾರಿಗಳನ್ನು ತೆರವುಗೊಳಿಸಲಾಯಿತು. 2024ರಲ್ಲಿ ಮಂಗಳೂರು ಮಹಾನಗರ ಪಾಲಿಕೆ ನಡೆಸಿದ ತೆರವು ಕಾರ್ಯಾಚರಣೆಗೆ 'ಟೈಗರ್' ಎಂಬ ಹೆಸರೇ ಇತ್ತು. ಹುಲಿ ಎಂದರೆ ದಸರಾದಲ್ಲಿ ತಾಸೆಯ ಸದ್ದಿಗೆ ಕುಣಿಯುವ ಹುಲಿ ಎಂದೇ ಪ್ರೀತಿಯಿಂದ ತಿಳಿದಿರುವ ಊರಿನಲ್ಲಿ, ಕಬ್ಬಿನ ಹಾಲಿನ ಗಾಡಿಯ ಮೇಲೆ ಎರಗುವುದಕ್ಕೆ ಹುಲಿಯ ಹೆಸರು ಯಾಕೆ ಬೇಕಾಯಿತೋ ನಮಗೆ ತಿಳಿಯದು.

ಕನ್ನಡದಲ್ಲಿ 'ಎತ್ತಂಗಡಿ' ಎಂಬ ಮಾತಿದೆ. ಈಗ ಅದು ಅಧಿಕಾರಿಗಳ ವರ್ಗಾವಣೆಯ ಸುದ್ದಿಗೆ ಮೀಸಲಾಗಿದೆ. ಆದರೆ ಅಧಿಕಾರಿಯ ಎತ್ತಂಗಡಿಯಾದರೆ ಹೊಸ ಊರಿನಲ್ಲಿ ಅವರಿಗಾಗಿ ಕುರ್ಚಿ ಕಾದಿರುತ್ತದೆ, ಪ್ರಯಾಣ ಭತ್ತೆಯೂ ಸಿಗುತ್ತದೆ. ಅಕ್ಷರಶಃ ಅಂಗಡಿಯನ್ನೇ ಎತ್ತಿಸಿಕೊಳ್ಳುವ ಬೀದಿ ವ್ಯಾಪಾರಿಗೆ ಸಿಗುವುದು ಲಾರಿಯ ಹಿಂದೆ ಓಡುವ ಭಾಗ್ಯ ಮಾತ್ರ. ಲಾರಿಯಲ್ಲಿ ಅವನ ತಕ್ಕಡಿ ಇರುತ್ತದೆ.

ಹಾಗಾದರೆ ಕಾನೂನು ಇಲ್ಲವೇ? ಇದೆ. ಒಳ್ಳೆಯ ಕಾನೂನೇ ಇದೆ. ಅದನ್ನು ಪಡೆಯಲು ಬೀದಿ ವ್ಯಾಪಾರಿಗಳು ದಶಕಗಳ ಕಾಲ ನ್ಯಾಯಾಲಯಗಳ ಮೆಟ್ಟಿಲು ಹತ್ತಿದರು. ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದು ಮುಂಬೈಯ ಪಾದಚಾರಿ ಮಾರ್ಗಗಳ ನಿವಾಸಿಗಳ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟ್ 1985ರಲ್ಲಿ ಹೇಳಿತು. ಬೀದಿ ಬದಿಯ ವ್ಯಾಪಾರವೂ ಸಂವಿಧಾನದ 19ನೇ ವಿಧಿಯಡಿಯ ವೃತ್ತಿ ಸ್ವಾತಂತ್ರ್ಯವೇ, ಆದರೆ ಅದನ್ನು ನಿಯಂತ್ರಿಸಬಹುದು, ಇಂಥದೇ ಜಾಗ ಬೇಕು ಎಂಬ ಹಕ್ಕು ಮಾತ್ರ ಇಲ್ಲ ಎಂದು 1989ರಲ್ಲಿ ಸೋಧನ್ ಸಿಂಗ್ ಪ್ರಕರಣದಲ್ಲಿ ಹೇಳಿತು. 2010ರಲ್ಲಿ, ಈ ಬಗ್ಗೆ ಕಾನೂನು ಮಾಡಿ ಎಂದು ಸರಕಾರಕ್ಕೆ ಗಡುವು ಕೊಟ್ಟಿತು. ಗಡುವು ದಾಟಿ ಕಾನೂನು ಬಂದದ್ದು 2014ರಲ್ಲಿ. ಆ ವರ್ಷದ ಮೇ 1ರಂದು, ಕಾರ್ಮಿಕರ ದಿನದಂದೇ, ಅದು ಜಾರಿಯಾಯಿತು.

ಬೀದಿ ವ್ಯಾಪಾರಿಗಳ ಜೀವನೋಪಾಯ ಸಂರಕ್ಷಣೆ ಮತ್ತು ಬೀದಿ ವ್ಯಾಪಾರ ನಿಯಂತ್ರಣ ಕಾಯ್ದೆ ಎಂಬುದು ಅದರ ಪೂರ್ಣ ಹೆಸರು. ಇದರಲ್ಲಿ ಎರಡು ಮಾತುಗಳಿವೆ. ಒಂದು ಸಂರಕ್ಷಣೆ, ಇನ್ನೊಂದು ನಿಯಂತ್ರಣ. ಯಾವುದು ಮೊದಲು ಎಂಬುದರಲ್ಲಿ ಕಾಯ್ದೆಗೆ ಗೊಂದಲವಿಲ್ಲ. ಸಮೀಕ್ಷೆ ಮುಗಿದು ಎಲ್ಲರಿಗೂ ಪ್ರಮಾಣಪತ್ರ ಸಿಗುವವರೆಗೆ ಯಾವ ವ್ಯಾಪಾರಿಯನ್ನೂ ಎಬ್ಬಿಸುವಂತಿಲ್ಲ ಎಂದು ಮೂರನೇ ಸೆಕ್ಷನ್ ಹೇಳುತ್ತದೆ. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ನಡೆಯಬೇಕು. ಸ್ಥಳಾಂತರಿಸುವುದಿದ್ದರೆ 30 ದಿನಗಳ ನೋಟಿಸು ಕೊಡಬೇಕು. ಸರಕು ವಶಪಡಿಸಿಕೊಂಡರೆ ಪಟ್ಟಿ ಕೊಡಬೇಕು. ಕೇಳಿಕೊಂಡು ಬಂದವನಿಗೆ, ಕೊಳೆಯುವ ವಸ್ತುವಾದರೆ ಅದೇ ದಿನ, ಉಳಿದದ್ದಾದರೆ ಎರಡು ಕೆಲಸದ ದಿನಗಳೊಳಗೆ ಹಿಂದಿರುಗಿಸಬೇಕು. ಟೊಮೆಟೊ ಕೊಳೆಯುತ್ತದೆ ಎಂಬುದನ್ನು ನೆನಪಿಟ್ಟುಕೊಂಡು ಬರೆದ ಕಾನೂನು ಇದು. ಪಾಲಿಕೆಯ ಲಾರಿ ಬಂದ ದಿನ ಇವುಗಳಲ್ಲಿ ಒಂದನ್ನಾದರೂ ಪಾಲಿಸಿದ್ದನ್ನು ಕಂಡ ಓದುಗರಿದ್ದರೆ ನಮಗೆ ಬರೆದು ತಿಳಿಸಬೇಕು. ಸಂತೋಷದಿಂದ ಪ್ರಕಟಿಸುತ್ತೇವೆ.

ಕಾಯ್ದೆಯಲ್ಲೂ ದೋಷಗಳಿವೆ. ಜಾಗ ಗುರುತಿಸುವುದು, ಸಮೀಕ್ಷೆ ನಡೆಸುವುದು ಇತ್ಯಾದಿಗಳೆಲ್ಲ ಪಟ್ಟಣ ವ್ಯಾಪಾರ ಸಮಿತಿಯ ಕೆಲಸ. ಆ ಸಮಿತಿಯಲ್ಲಿ ಕನಿಷ್ಠ 40 ಶೇಕಡಾ ಸದಸ್ಯರು ಬೀದಿ ವ್ಯಾಪಾರಿಗಳೇ ಇರಬೇಕು, ಅವರು ಚುನಾವಣೆಯಿಂದ ಬರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಎಷ್ಟು ಚಂದದ ಏರ್ಪಾಡು! ಆದರೆ ಸಮಿತಿಯ ಚುನಾವಣೆಗೆ ಮತದಾರರ ಪಟ್ಟಿ ಬೇಕು. ಪಟ್ಟಿಗೆ ಸಮೀಕ್ಷೆ ಆಗಬೇಕು. ಸಮೀಕ್ಷೆಯನ್ನು ಸಮಿತಿಯೇ ಮಾಡಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯಂತಾಯಿತು. ಈ ತೊಡಕನ್ನು ಬಿಡಿಸಲು ಮನಸ್ಸಿದ್ದವರಿಗೆ ದಾರಿಗಳಿದ್ದವು. ಮನಸ್ಸಿಲ್ಲದವರಿಗೆ ಅದು ವರ್ಷಗಟ್ಟಲೆ ನೆಪವಾಯಿತು.

ಇನ್ನೊಂದು ದೋಷ ಇದಕ್ಕಿಂತ ದೊಡ್ಡದು. ನಿಯಮ ಮುರಿದ ವ್ಯಾಪಾರಿಗೆ ಎರಡು ಸಾವಿರ ರೂಪಾಯಿಯವರೆಗೆ ದಂಡ ವಿಧಿಸಲು ಕಾಯ್ದೆಯಲ್ಲಿ ಅವಕಾಶವಿದೆ. ನೋಟಿಸಿಲ್ಲದೆ ಗಾಡಿ ಮಗುಚಿದ ಅಧಿಕಾರಿಗೆ ಒಂದು ರೂಪಾಯಿಯ ದಂಡವನ್ನೂ ಅದು ಹೇಳುವುದಿಲ್ಲ. ಬಡವನ ತಪ್ಪಿಗೆ ಬೆಲೆಯಿದೆ, ಬಡವನ ಮೇಲಿನ ತಪ್ಪಿಗೆ ಬೆಲೆಯಿಲ್ಲ.

ಲೆಕ್ಕಗಳನ್ನೂ ಸ್ವಲ್ಪ ನೋಡೋಣ. ನಗರದ ಜನಸಂಖ್ಯೆಯ 2.5 ಶೇಕಡಾದವರೆಗಿನ ವ್ಯಾಪಾರಿಗಳಿಗೆ ಜಾಗ ಒದಗಿಸಬೇಕು ಎನ್ನುತ್ತದೆ ಕಾಯ್ದೆ. 2011ರ ಜನಗಣತಿಯಂತೆ ಬೆಂಗಳೂರು ನಗರದ ಜನಸಂಖ್ಯೆ ಸುಮಾರು 84 ಲಕ್ಷ. ಅಂದರೆ ಎರಡು ಲಕ್ಷಕ್ಕೂ ಮಿಕ್ಕಿದ ವ್ಯಾಪಾರಿಗಳಿಗೆ ಅಲ್ಲಿ ಅವಕಾಶವಿರಬೇಕು. ಇದು ಗರಿಷ್ಠ ಮಿತಿಯೇ ಹೊರತು ವ್ಯಾಪಾರಿಗಳ ನಿಜವಾದ ಸಂಖ್ಯೆ ಅಲ್ಲ ಎಂಬುದನ್ನು ಒಪ್ಪೋಣ. ಆದರೂ 2017ರ ಸಮೀಕ್ಷೆಯಲ್ಲಿ ಆಗಿನ ಬಿಬಿಎಂಪಿ ಗುರುತಿಸಿದ್ದು ಸುಮಾರು 25 ಸಾವಿರ ಮಂದಿಯನ್ನು ಎಂದಾಗ ಹುಬ್ಬೇರದಿರದು. ಸಂಜೆ ಒಂದು ಸುತ್ತು ಕೆ.ಆರ್. ಮಾರುಕಟ್ಟೆ, ಶಿವಾಜಿನಗರ, ಮಲ್ಲೇಶ್ವರ, ಗಾಂಧಿಬಜಾರ್‌ಗೆ ಹೋಗಿ ಬಂದ ಯಾರಾದರೂ ಈ ಸಂಖ್ಯೆಯನ್ನು ನಂಬುತ್ತಾರೆಯೇ?

ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಕೊರೋನ ಕಲಿಸಿತು. 2021ರ ಮೇ ತಿಂಗಳಲ್ಲಿ ರಾಜ್ಯ ಸರಕಾರ ಘೋಷಿಸಿದ 1,250 ಕೋಟಿ ರೂಪಾಯಿಯ ಪರಿಹಾರದಲ್ಲಿ ಬೀದಿ ವ್ಯಾಪಾರಿಗಳಿಗೆ ತಲಾ ಎರಡು ಸಾವಿರ ರೂಪಾಯಿ ಇತ್ತು. ಸಿಗುವುದು ನೋಂದಾಯಿತರಾದ 2.20 ಲಕ್ಷ ಮಂದಿಗೆ. ಎರಡು ಸಾವಿರ ದೊಡ್ಡ ಮೊತ್ತವೇನಲ್ಲ. ಆದರೆ ಪಕ್ಕದ ಗಾಡಿಯವನಿಗೆ ಬಂದು ತನಗೆ ಬಾರದೆ ಹೋದಾಗ ಆಗುವ ಅವಮಾನದ ಮೊತ್ತವನ್ನು ಯಾವ ಇಲಾಖೆಯೂ ಲೆಕ್ಕ ಹಾಕುವುದಿಲ್ಲ.

ಈಗ ಸಾಲದ ವಿಷಯ. 2020ರ ಜೂನ್‌ನಲ್ಲಿ ಕೇಂದ್ರ ಸರಕಾರ 'ಪಿಎಂ ಸ್ವನಿಧಿ' ಯೋಜನೆಯನ್ನು ತಂದಿತು. ಮೊದಲ ಕಂತಿನಲ್ಲಿ 10 ಸಾವಿರ ರೂಪಾಯಿ, ತೀರಿಸಿದರೆ 20 ಸಾವಿರ, ಆಮೇಲೆ 50 ಸಾವಿರ. ಜಾಮೀನು ಬೇಡ. ಸಕಾಲದಲ್ಲಿ ಕಟ್ಟಿದರೆ 7 ಶೇಕಡಾ ಬಡ್ಡಿ ಸಹಾಯಧನ. 2025ರ ಜುಲೈ ಅಂತ್ಯದ ಹೊತ್ತಿಗೆ ದೇಶದ 68 ಲಕ್ಷಕ್ಕೂ ಹೆಚ್ಚು ವ್ಯಾಪಾರಿಗಳಿಗೆ 13,797 ಕೋಟಿ ರೂಪಾಯಿ ವಿತರಿಸಲಾಗಿದೆ ಎಂದು ಸರಕಾರ ಹೇಳಿದೆ. ಮರು ತಿಂಗಳೇ ಯೋಜನೆಯನ್ನು 2030ರ ಮಾರ್ಚ್‌ವರೆಗೆ ವಿಸ್ತರಿಸಿ, ಮೊದಲ ಕಂತನ್ನು 15 ಸಾವಿರಕ್ಕೂ ಎರಡನೆಯದನ್ನು 25 ಸಾವಿರಕ್ಕೂ ಏರಿಸಲಾಯಿತು.

ಇದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಬೆಳಿಗ್ಗೆ 900 ರೂಪಾಯಿ ಕೊಟ್ಟು ಸಂಜೆ ಸಾವಿರ ವಸೂಲಿ ಮಾಡುವ ಮೀಟರ್ ಬಡ್ಡಿಯವರ ಕೈಯಲ್ಲಿ ನಮ್ಮ ಮಾರುಕಟ್ಟೆಗಳು ಎಷ್ಟು ನಲುಗಿವೆ ಎಂಬುದು ಗೊತ್ತಿರುವವರಿಗೆ ಬ್ಯಾಂಕಿನ ಬಾಗಿಲು ತೆರೆದುದರ ಬೆಲೆ ಗೊತ್ತು. ಕೊರೋನಕ್ಕೂ ಮೊದಲೇ, 2018ರಲ್ಲಿ, ನಮ್ಮ ರಾಜ್ಯದಲ್ಲಿ 'ಬಡವರ ಬಂಧು' ಎಂಬ ಬಡ್ಡಿರಹಿತ ಸಾಲದ ಯೋಜನೆ ಬಂದಿತ್ತು. ಬಡ್ಡಿಯ ವ್ಯವಹಾರದಿಂದ ದೂರವಿರಬಯಸುವ ಅನೇಕರಿಗೂ ಅದು ಒಪ್ಪುವಂಥದ್ದಾಗಿತ್ತು. ಅದನ್ನು ಬಲಪಡಿಸಿದ್ದರೆ ಚೆನ್ನಿತ್ತು.

ನಮ್ಮ ತಕರಾರು ಸಾಲದ ಬಗ್ಗೆ ಅಲ್ಲ. ಸಾಲ ಪಡೆಯಲು ವ್ಯಾಪಾರಿಗೆ ಪ್ರಮಾಣಪತ್ರ ಬೇಕಿತ್ತು, ಅದಿಲ್ಲದಿದ್ದರೆ ನಗರಸಭೆಯ ಶಿಫಾರಸು ಪತ್ರ ಸಾಕಿತ್ತು. ಅಂದರೆ, ಇವರು ನಮ್ಮ ಊರಿನ ಬೀದಿಯಲ್ಲಿ ವ್ಯಾಪಾರ ಮಾಡುತ್ತಿರುವುದು ನಿಜ, ಇವರಿಗೆ ಸಾಲ ಕೊಡಬಹುದು ಎಂದು ನಗರಸಭೆಯೇ ಬರೆದುಕೊಟ್ಟಿತು. ಅದೇ ನಗರಸಭೆ ಕೆಲವು ತಿಂಗಳ ನಂತರ ಅದೇ ವ್ಯಕ್ತಿಗೆ, ನೀನು ಇಲ್ಲಿರುವುದೇ ಅಕ್ರಮ ಎಂದರೆ ಅದಕ್ಕೆ ಏನೆನ್ನಬೇಕು? ಸಾಲದ ಕಂತು ಪ್ರತಿ ತಿಂಗಳೂ ಬರುತ್ತದೆ. ಅದನ್ನು ಕಟ್ಟಲು ಗಾಡಿ ನಿಲ್ಲಬೇಕು. ಗಾಡಿ ನಿಲ್ಲಲು ಆರು ಅಡಿ ಜಾಗ ಬೇಕು. ಸರಕಾರದ ಒಂದು ಕೈ ಬಂಡವಾಳ ಕೊಡುತ್ತದೆ, ಇನ್ನೊಂದು ಕೈ ಬಂಡಿಯನ್ನೇ ಎತ್ತಿಕೊಂಡು ಹೋಗುತ್ತದೆ. ಸಾಲ ಕೊಡುವುದು ಸುಲಭ, ಬ್ಯಾಂಕಿಗೆ ಗುರಿ ಕೊಟ್ಟರೆ ಆಯಿತು. ಜಾಗ ಕೊಡಬೇಕಾದರೆ ಕಾರಿನವನನ್ನು, ಅಂಗಡಿ ಮಾಲಕನನ್ನು, ಬಡಾವಣೆಯ ಸಂಘವನ್ನು ಎದುರು ಹಾಕಿಕೊಳ್ಳಬೇಕು. ಆ ಧೈರ್ಯ ಯಾವ ಪಕ್ಷದ ಸರಕಾರಕ್ಕೂ ಬಂದಂತಿಲ್ಲ.

ಡಿಜಿಟಲ್ ಪಾವತಿಯದ್ದೂ ಇಂಥದೇ ಕಥೆ. ಸ್ವನಿಧಿಯಲ್ಲಿ ಸಾಲ ಪಡೆದವರಿಗೆ ಕ್ಯೂಆರ್ ಕೋಡ್ ಕೊಟ್ಟು, ಫೋನಿನಲ್ಲಿ ಹಣ ಪಡೆದರೆ ತಿಂಗಳಿಗೆ ನೂರು ರೂಪಾಯಿಯವರೆಗೆ ಕ್ಯಾಶ್‌ಬ್ಯಾಕ್ ಎಂದು ಪ್ರೋತ್ಸಾಹಿಸಲಾಯಿತು. ಸೊಪ್ಪಿನ ಬುಟ್ಟಿಗೂ ಕೋಡ್ ಅಂಟಿತು. ಭಾರತ ಬದಲಾಯಿತು ಎಂದು ಭಾಷಣಗಳಾದವು. 2025ರ ಜುಲೈಯಲ್ಲಿ ಅದೇ ಯುಪಿಐ ಲೆಕ್ಕಗಳನ್ನು ಮುಂದಿಟ್ಟುಕೊಂಡು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಕಳಿಸಿತು. ತಾಜಾ ತರಕಾರಿಗೆ ಜಿಎಸ್‌ಟಿ ಇಲ್ಲ ಎಂಬುದು ಶಾಲೆಯ ಮಕ್ಕಳಿಗೂ ತಿಳಿದ ವಿಷಯ. ಆದರೆ ತರಕಾರಿ ಮಾರುವ ಒಬ್ಬರಿಗೇ 29 ಲಕ್ಷ ರೂಪಾಯಿಯ ನೋಟಿಸು ಬಂತು. ಬೆಂಗಳೂರಿನ ಅಂಗಡಿಗಳಲ್ಲಿ 'ಯುಪಿಐ ಇಲ್ಲ, ನಗದು ಮಾತ್ರ' ಎಂಬ ಚೀಟಿಗಳು ಕಾಣಿಸಿಕೊಂಡವು. ಪ್ರತಿಭಟನೆಯ ಬಳಿಕ, ಹಳೆಯ ಬಾಕಿಯನ್ನು ವಸೂಲಿ ಮಾಡುವುದಿಲ್ಲ ಎಂದು ಮುಖ್ಯಮಂತ್ರಿ ಹೇಳಬೇಕಾಯಿತು. ತೆರಿಗೆ ಕಟ್ಟಬೇಕಾದವರು ಕಟ್ಟಲಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ವಿಪರ್ಯಾಸ ನೋಡಿ. ಒಂದು ಇಲಾಖೆ ಕೋಡ್ ಅಂಟಿಸಿತು, ಇನ್ನೊಂದು ಇಲಾಖೆ ಅದೇ ಕೋಡಿನ ಜಾಡು ಹಿಡಿದು ಬಂತು. ನಡುವೆ ನಿಂತು, ಇವರ ವ್ಯಾಪಾರದಲ್ಲಿ ಲಾಭ ಎಷ್ಟು, ವಹಿವಾಟು ಎಷ್ಟು ಎಂದು ತಿಳಿಹೇಳುವವರು ಯಾರೂ ಇರಲಿಲ್ಲ. ಅನೌಪಚಾರಿಕ ಆರ್ಥಿಕತೆಯನ್ನು ಔಪಚಾರಿಕ ಮಾಡುವುದೆಂದರೆ ಇದೇ ಆದರೆ ಜನ ಅದರಿಂದ ಓಡಿಹೋಗುವುದೇ ಸಹಜ.

ಇಷ್ಟು ಹೇಳಿದ ಮೇಲೆ ಇನ್ನೊಂದು ಬದಿಯನ್ನೂ ನೋಡಬೇಕು. ಪಾದಚಾರಿ ಮಾರ್ಗ ಇರುವುದು ನಡೆಯುವವರಿಗೆ. ಗಾಲಿಕುರ್ಚಿಯಲ್ಲಿ ಹೋಗುವವರಿಗೆ, ಮಗುವನ್ನು ಎತ್ತಿಕೊಂಡ ತಾಯಿಗೆ, ಕೋಲೂರಿ ನಡೆಯುವ ವೃದ್ಧರಿಗೆ. ಆಸ್ಪತ್ರೆಯ ಗೇಟಿಗೆ ಅಡ್ಡಲಾಗಿ ಬಂಡಿ ನಿಲ್ಲಿಸುವುದನ್ನು ಬಡತನದ ಹೆಸರಿನಲ್ಲಿ ಸಮರ್ಥಿಸಲಾಗದು. ಎಣ್ಣೆ ಸುರಿದು ಚರಂಡಿ ಕಟ್ಟಿಸುವುದನ್ನೂ ಸಮರ್ಥಿಸಲಾಗದು. ಹತ್ತು ಗಾಡಿಗಳನ್ನು ಇಟ್ಟು ಬಾಡಿಗೆಗೆ ಬಿಟ್ಟು ಮನೆಯಲ್ಲಿ ಕುಳಿತವರೂ ಇದ್ದಾರೆ. ಕಾಯ್ದೆ ಇದನ್ನು ಗುರುತಿಸಿದೆ. ವ್ಯಾಪಾರವನ್ನು ತಾನು ಅಥವಾ ತನ್ನ ಕುಟುಂಬದವರೇ ಮಾಡುತ್ತೇವೆ, ಬೇರೆ ಜೀವನೋಪಾಯ ಇಲ್ಲ, ಜಾಗವನ್ನು ಇತರರಿಗೆ ಬಾಡಿಗೆಗೆ ಕೊಡುವುದಿಲ್ಲ ಎಂದು ಬರೆದುಕೊಡಬೇಕು. ನಿಯಂತ್ರಣ ಬೇಡ ಎನ್ನುವವರು ನಾವಲ್ಲ. ನಿಯಂತ್ರಣ ಇಲ್ಲದ ಬೀದಿಯಲ್ಲಿ ಗೆಲ್ಲುವುದು ಬಡವನಲ್ಲ, ಹಫ್ತಾ ವಸೂಲಿ ಮಾಡುವವನು.

ಆದರೆ ರಸ್ತೆಯನ್ನು ನುಂಗಿರುವುದು ಯಾರು ಎಂಬುದನ್ನೂ ಪ್ರಾಮಾಣಿಕವಾಗಿ ಅಳೆಯಬೇಕು. ಒಂದು ಕಾರು ನಿಲ್ಲುವ ಜಾಗದಲ್ಲಿ ಎರಡು ತಳ್ಳುಗಾಡಿಗಳು ನಿಲ್ಲುತ್ತವೆ, ಎರಡು ಮನೆಗಳ ಒಲೆ ಉರಿಯುತ್ತದೆ. ಮನೆಯ ಮುಂದಿನ ಸಾರ್ವಜನಿಕ ರಸ್ತೆಯಲ್ಲಿ ವರ್ಷವಿಡೀ ಕಾರು ನಿಲ್ಲಿಸಿದವನಿಗೆ ಅತಿಕ್ರಮಣಕಾರ ಎಂಬ ಪಟ್ಟ ಸಿಕ್ಕಿದ್ದನ್ನು ನಾವು ಕೇಳಿಲ್ಲ.

ಬೀದಿಯನ್ನು ಹಂಚಿಕೊಳ್ಳುವುದು ನಮ್ಮ ನಾಡಿಗೆ ಹೊಸತೂ ಅಲ್ಲ. ವಾರದ ಸಂತೆ ಎಂದರೆ ಇನ್ನೇನು? ಸೋಮವಾರ ಒಂದೂರು, ಮಂಗಳವಾರ ಇನ್ನೊಂದೂರು. ಮೈದಾನ ಆರು ದಿನ ಮಕ್ಕಳ ಆಟಕ್ಕೆ, ದನ ಮೇಯಲಿಕ್ಕೆ, ಒಂದು ದಿನ ವ್ಯಾಪಾರಕ್ಕೆ. ಬಳೆಗಾರನ ಸಾಲು ಎಲ್ಲಿ, ಮೆಣಸಿನಕಾಯಿಯ ಸಾಲು ಎಲ್ಲಿ, ಕೋಳಿಯವರು ಎಲ್ಲಿ ಎಂದು ಯಾರೂ ಬೋರ್ಡು ಹಾಕಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಸುಂಕದವನು ಚೀಟಿ ಹರಿದು ಕೊಡುತ್ತಿದ್ದ. ಸಮಯ ಹಂಚಿಕೊಂಡು ವ್ಯಾಪಾರ ಮಾಡುವ ಪದ್ಧತಿಯನ್ನು 2014ರ ಕಾಯ್ದೆಯೂ ಹೇಳುತ್ತದೆ. ಜನ ತಾವಾಗಿಯೇ ಕೂಡುವ ಸಹಜ ಮಾರುಕಟ್ಟೆಗಳನ್ನು ಉಳಿಸಬೇಕು ಎಂದೂ ಹೇಳುತ್ತದೆ. ಕಚೇರಿ ಬಾಗಿಲು ಮುಚ್ಚಿದ ಮೇಲೆ ಅದರ ಮುಂದಿನ ವಿಶಾಲ ಅಂಗಳದಲ್ಲಿ ಸಂಜೆ ಆರರಿಂದ ಹತ್ತರವರೆಗೆ ವ್ಯಾಪಾರ ನಡೆದರೆ ಯಾರ ಗಂಟೇನು ಹೋಗುತ್ತದೆ? ನಕ್ಷೆ ಬರೆಯುವವರು ಕಂಪ್ಯೂಟರಿನ ಮುಂದಿನಿಂದ ಎದ್ದು ಸಂತೆಗೆ ಒಮ್ಮೆ ಹೋಗಿ ಬಂದರೆ ಸಾಕಿತ್ತು.

ಈ ಚರ್ಚೆಯಲ್ಲಿ ಹೇಳದೆ ಬಿಡಲಾಗದ ಇನ್ನೊಂದು ವಿಷಯವಿದೆ. 2020ರ ಏಪ್ರಿಲ್‌ನಲ್ಲಿ ರೋಗಕ್ಕೆ ಧರ್ಮದ ಹೆಸರು ಹಚ್ಚಿದಾಗ, ದೇಶದ ಹಲವೆಡೆ ಮುಸ್ಲಿಮ್ ಹಣ್ಣು, ತರಕಾರಿ ವ್ಯಾಪಾರಿಗಳನ್ನು ಬಡಾವಣೆಗಳಿಗೆ ಬರಗೊಡಲಿಲ್ಲ. ಗುರುತಿನ ಚೀಟಿ ತೋರಿಸು ಎಂದವರು ಅಧಿಕಾರಿಗಳಲ್ಲ, ದಾರಿಹೋಕರು. 2022ರ ಮಾರ್ಚ್‌ನಲ್ಲಿ ಕಾಪುವಿನ ಸುಗ್ಗಿ ಮಾರಿಪೂಜೆಯಿಂದ ತೊಡಗಿ ಕರಾವಳಿಯ ಹಲವು ಜಾತ್ರೆಗಳಲ್ಲಿ ಮುಸ್ಲಿಮರಿಗೆ ಅಂಗಡಿ ಇಡಲು ಬಿಡಲಿಲ್ಲ. ಧಾರ್ಮಿಕ ದತ್ತಿ ಸಂಸ್ಥೆಗಳ 2002ರ ನಿಯಮವೊಂದನ್ನು ಇದಕ್ಕೆ ಆಧಾರವಾಗಿ ತೋರಿಸಲಾಯಿತು. ದೇವಸ್ಥಾನದ ಬಳಿಯ ಜಮೀನು, ಕಟ್ಟಡ, ನಿವೇಶನಗಳನ್ನು ಹಿಂದೂಯೇತರರಿಗೆ ಗುತ್ತಿಗೆಗೆ ಕೊಡಬಾರದು ಎಂಬುದು ಆ ನಿಯಮ. ಒಂದು ದಿನದ ಜಾತ್ರೆಯಲ್ಲಿ ಚಾಪೆ ಹಾಸಿ ಆಟಿಕೆ ಮಾರುವವನಿಗೂ ಅದನ್ನು ಅನ್ವಯಿಸಲಾಯಿತು. ಮರುತಿಂಗಳು ಧಾರವಾಡದ ನುಗ್ಗಿಕೇರಿಯಲ್ಲಿ ಹಣ್ಣು ಮಾರುವ ವೃದ್ಧರೊಬ್ಬರ ಕಲ್ಲಂಗಡಿಗಳನ್ನು ಒಡೆದು ರಸ್ತೆಗೆ ಎಸೆಯಲಾಯಿತು. ಅಂದು ಅವರ ನೆರವಿಗೆ ಜಾತಿ ಧರ್ಮ ನೋಡದೆ ಧಾವಿಸಿದ ಕನ್ನಡಿಗರನ್ನೂ ನಾವು ನೆನೆಯಬೇಕು.

ಸರಕಾರ ನಿಯಂತ್ರಿಸದ ಬೀದಿಯನ್ನು ಗುಂಪು ನಿಯಂತ್ರಿಸುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ? ಕಾಯ್ದೆಯ ಪ್ರಮಾಣಪತ್ರ ಇರುವ ವ್ಯಾಪಾರಿಯ ಕೈಯಲ್ಲಿ, ನೀನು ಯಾರು ಎಂಬ ಪ್ರಶ್ನೆಗೆ ಉತ್ತರವಾದರೂ ಇರುತ್ತದೆ. ನಾನು ಈ ಊರಿನ ಇಂಥ ಬೀದಿಯ ವ್ಯಾಪಾರಿ, ಇದು ನನ್ನ ಸಂಖ್ಯೆ ಎನ್ನಬಹುದು. ಆ ಕಾರ್ಡು ಕಲ್ಲನ್ನು ತಡೆಯಲಾರದು, ಆದರೆ ಠಾಣೆಯಲ್ಲಿ ದೂರು ಬರೆಸುವಾಗ ಬೆನ್ನಿಗೆ ನಿಲ್ಲುತ್ತದೆ.

ಇಲ್ಲಿ ನಮ್ಮನ್ನೂ ನಾವು ಪ್ರಶ್ನಿಸಿಕೊಳ್ಳಬೇಕಾಗಿದೆ. ಬಹಿಷ್ಕಾರದ ಸುದ್ದಿ ಬಂದಾಗ ಸಮುದಾಯದ ಸಂಘಟನೆಗಳು ಖಂಡನಾ ಹೇಳಿಕೆ ಕೊಟ್ಟವು, ಮನವಿ ಸಲ್ಲಿಸಿದವು, ನಾವೂ ಸಂಪಾದಕೀಯ ಬರೆದೆವು. ಆದರೆ ಸಮೀಕ್ಷೆ ನಡೆಯುವಾಗ ನಮ್ಮ ಎಷ್ಟು ಮಸೀದಿ ಕಮಿಟಿಗಳು, ಎಷ್ಟು ಯುವಕ ಸಂಘಗಳು ಮಾರುಕಟ್ಟೆಗೆ ಹೋಗಿ ಅರ್ಜಿ ತುಂಬಿಸಿಕೊಟ್ಟವು? ಪಟ್ಟಣ ವ್ಯಾಪಾರ ಸಮಿತಿಯ ಚುನಾವಣೆ ಯಾವಾಗ ಎಂದು ಯಾರಾದರೂ ಕೇಳಿದ್ದುಂಟೇ? ಅದರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಸ್ಥಾನವಿದೆ, ಅಲ್ಪಸಂಖ್ಯಾತ ವ್ಯಾಪಾರಿಗಳಿಗೆ ಆದ್ಯತೆ ಕೊಡಬೇಕು ಎಂಬ ಮಾತೂ ಕಾಯ್ದೆಯಲ್ಲಿದೆ. ರಮಝಾನಿನಲ್ಲಿ ಕಿಟ್ ಹಂಚುವ ಉತ್ಸಾಹದ ಹತ್ತನೇ ಒಂದು ಪಾಲು ಇಲ್ಲಿಗೆ ಸಾಕಾಗುತ್ತಿತ್ತು. ಪೋಟೋ ತೆಗೆಯಲು ಮಾತ್ರ ಇಲ್ಲಿ ಅಷ್ಟೊಂದು ಅವಕಾಶವಿಲ್ಲ.

ನಮ್ಮೂರಿನ ಬಸ್ ನಿಲ್ದಾಣದ ಪಕ್ಕ ಪೇರಳೆ, ಮೂಸಂಬಿ ಮಾರುವ ಹೆಂಗಸೊಬ್ಬರಿದ್ದಾರೆ. ಗಂಡ ತೀರಿಕೊಂಡದ್ದು ಎರಡನೇ ಅಲೆಯಲ್ಲಿ. ಅವರ ಬಳಿ ಕಾರ್ಡು ಇದೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಕ್ಕಡಿಯ ಕೆಳಗೆ ಇಟ್ಟಿದ್ದಾರೆ. ಸ್ವನಿಧಿಯ ಮೊದಲ ಸಾಲ ತೀರಿಸಿ ಎರಡನೆಯದನ್ನು ಪಡೆದಿದ್ದಾರೆ. ಸ್ಥಳೀಯ ಆಡಳಿತ ಅವರಿಗೆಲ್ಲ ಒಂದು ವ್ಯಾಪಾರ ವಲಯ ಮಾಡಿಕೊಟ್ಟಿತು. ಶೀಟಿನ ಮಾಡು, ಹಳದಿ ಗೆರೆ, ಉದ್ಘಾಟನೆಯ ಕಲ್ಲು ಎಲ್ಲವೂ ಇದೆ. ಅದು ನಿಲ್ದಾಣದ ಹಿಂಬದಿ, ಬಸ್ಸು ತೊಳೆಯುವ ಜಾಗದಿಂದ ಆಚೆಗೆ. ಒಂದು ವಾರ ಅಲ್ಲಿ ಕೂತು ನೋಡಿ ಹಿಂದೆ ಬಂದರು. ಯಾಕಮ್ಮ ಎಂದು ಕೇಳಿದೆವು.

"ಅಲ್ಲಿ ಯಾರು ಬರ್ತಾರೆ ಅಣ್ಣ? ಬಸ್ಸಿಗೆ ಹೋಗೋರು ಈ ದಾರಿಯಲ್ಲಿ ಹೋಗ್ತಾರೆ. ಹಣ್ಣು ಬೇಕು ಅಂತ ಯಾರೂ ಮನೆಯಿಂದ ಹೊರಡೋದಿಲ್ಲ. ಕಣ್ಣಿಗೆ ಬಿದ್ರೆ ಮಕ್ಕಳ ನೆನಪಾಗಿ ತಗೊಳ್ತಾರೆ."

ಮಾತಿನ ನಡುವೆಯೇ ಅವರ ಕಣ್ಣು ರಸ್ತೆಯ ತಿರುವಿನ ಕಡೆಗಿತ್ತು. ಲಾರಿ ಆ ಕಡೆಯಿಂದಲೇ ಬರುತ್ತದಂತೆ. ಅರ್ಧ ಕಿಲೋ ಪೇರಳೆ ತೂಗಿ ಕೊಟ್ಟರು. ನಾವು ಹಣ ಕೊಡಲು ಫೋನು ತೆಗೆದಾಗ ಗಾಡಿಗೆ ಅಂಟಿಸಿದ್ದ ಕೋಡಿನ ಮೇಲೆ ಗೋಣಿತಾಟು ಮುಚ್ಚಿತ್ತು. ಚಿಲ್ಲರೆ ಇದ್ದರೆ ಕೊಡಿ ಎಂದರು.